ಫೋನ್ ಕಳೆದುಹೋದರೆ ಇನ್ಶೂರೆನ್ಸ್ ಹಣ ಸಿಗುತ್ತದೆಯೇ? ಅಂಗಡಿಯಲ್ಲಿ ‘ಸರಿ, ಹಾಕಿ’ ಅನ್ನುವ ಮುಂಚೆ ಇದನ್ನು ಓದಿ

ಹೇಳಿಕೆ: ಮೊಬೈಲ್‌ಗೆ ಇನ್ಶೂರೆನ್ಸ್ ಮಾಡಿಸಿದರೆ ಸಾಕು, ಫೋನ್ ಒಡೆದರೂ ಕಳೆದರೂ ಹೊಸದು ಸಿಗುತ್ತದೆ.

ವಾಸ್ತವ: ಅರ್ಧ ಸತ್ಯ. ಅಂಗಡಿಯಲ್ಲಿ ಮಾರುವ ಎಷ್ಟೋ ಪ್ಲಾನ್‌ಗಳು ಒಡೆದ ಫೋನಿಗೆ ಮಾತ್ರ. ಕೆಲವು ಕಳ್ಳತನಕ್ಕೂ ಹಣ ಕೊಡುತ್ತವೆ, ಆದರೆ ಷರತ್ತುಗಳಿವೆ. ‘ಎಲ್ಲೋ ಬಿದ್ದುಹೋಯಿತು’ ಎಂಬುದಕ್ಕೆ ಹಣ ಕೊಡುವ ಪಾಲಿಸಿಗಳು ಕಡಿಮೆ.

ನನ್ನ ಚಿಕ್ಕಮ್ಮನ ಮಗ ಬೆಂಗಳೂರಿನಲ್ಲಿ ಊಟ ಡೆಲಿವರಿ ಮಾಡುತ್ತಾನೆ. ಅವನಿಗೆ ಫೋನ್ ಇಲ್ಲದಿದ್ದರೆ ಆ ದಿನ ಕೆಲಸವೇ ಇಲ್ಲ. ಹೋದ ವರ್ಷ 18,000 ರೂಪಾಯಿಯ ಫೋನನ್ನು 9 ತಿಂಗಳ ಕಂತಿನಲ್ಲಿ ತೆಗೆದುಕೊಂಡ. ಬಿಲ್ ಹಾಕುವಾಗ ಅಂಗಡಿಯವರು, ‘ಇನ್ನೊಂದು 1,299 ಕೊಟ್ಟರೆ ಇನ್ಶೂರೆನ್ಸ್, ಏನಾದರೂ ಆದರೆ ಕಂಪನಿಯವರೇ ನೋಡಿಕೊಳ್ಳುತ್ತಾರೆ’ ಎಂದರು. ಇವನು ‘ಸರಿ, ಹಾಕಿ’ ಎಂದ.

ಐದು ತಿಂಗಳಾದ ಮೇಲೆ, ರಜೆಯ ದಿನ, ಮೆಜೆಸ್ಟಿಕ್‌ನಲ್ಲಿ ನೂಕುನುಗ್ಗಲಿನ ಬಸ್ ಹತ್ತಿದ. ಇಳಿಯುವಾಗ ಜೇಬು ಖಾಲಿ. ಸ್ನೇಹಿತನೊಬ್ಬ, ‘ಸ್ಟೇಷನ್‌ಗೆ ಯಾಕೆ ಅಲೀತೀಯ? ಇ-ಲಾಸ್ಟ್‌ನಲ್ಲಿ ಹಾಕು, ಐದು ನಿಮಿಷದ ಕೆಲಸ’ ಎಂದ. ಹಾಗೇ ಮಾಡಿದ. ಆ ಸ್ವೀಕೃತಿ ಪತ್ರವನ್ನೇ ಇನ್ಶೂರೆನ್ಸ್‌ನವರಿಗೂ ಕಳಿಸಿದ. ಎರಡು ವಾರದ ನಂತರ ಉತ್ತರ ಬಂತು: ನೀವು ಕೊಟ್ಟ ದಾಖಲೆಯಲ್ಲಿ ಫೋನ್ ‘ಕಳೆದುಹೋಗಿದೆ’ ಎಂದಿದೆ, ನಿಮ್ಮ ಪಾಲಿಸಿ ‘ಕಳ್ಳತನ’ಕ್ಕೆ ಮಾತ್ರ ಅನ್ವಯಿಸುತ್ತದೆ, ಕ್ಲೇಮ್ ತಿರಸ್ಕರಿಸಲಾಗಿದೆ.

ಇನ್ನೂ ನಾಲ್ಕು ಕಂತು ಬಾಕಿ ಇತ್ತು. ಕೈಯಲ್ಲಿ ಇಲ್ಲದ ಫೋನಿಗೆ ತಿಂಗಳಿಗೆ 2,000 ಕಟ್ಟುತ್ತಲೇ, ಕೆಲಸ ಮಾಡಲು ಮತ್ತೊಂದು ಫೋನಿಗಾಗಿ ಸಾಲ ಮಾಡಿದ. ಅವನ ಪಾಲಿಸಿಯ ಪುಟಗಳನ್ನು ನಾನು ಓದಿದ್ದು ಆಗ. ಅವನು ಓದಿರಲಿಲ್ಲ. ನಿಜ ಹೇಳಬೇಕೆಂದರೆ, ನನ್ನ ಫೋನಿನದ್ದನ್ನು ನಾನೂ ಅಲ್ಲಿಯವರೆಗೆ ಓದಿರಲಿಲ್ಲ.

ಅಂಗಡಿಯಲ್ಲಿ ಮಾರುವುದೆಲ್ಲ ಇನ್ಶೂರೆನ್ಸ್ ಅಲ್ಲ

ಕೌಂಟರ್‌ನಲ್ಲಿ ಎಲ್ಲದಕ್ಕೂ ‘ಇನ್ಶೂರೆನ್ಸ್’ ಅಂತಲೇ ಹೇಳುತ್ತಾರೆ. ಆದರೆ ಅದರಲ್ಲಿ ಮೂರು ಬೇರೆ ಬೇರೆ ಸರಕುಗಳಿವೆ.

ಮೊದಲನೆಯದು ಎಕ್ಸ್‌ಟೆಂಡೆಡ್ ವಾರಂಟಿ. ಫೋನ್ ತಾನಾಗಿಯೇ ಕೆಟ್ಟರೆ, ಅಂದರೆ ತಯಾರಿಕೆಯ ದೋಷ ಕಾಣಿಸಿಕೊಂಡರೆ, ರಿಪೇರಿ ಮಾಡಿಕೊಡುತ್ತಾರೆ. ನಿಮ್ಮ ಕೈಯಿಂದ ಬಿದ್ದು ಒಡೆದರೂ ಇದು ಬರುವುದಿಲ್ಲ, ಕಳ್ಳತನವಂತೂ ದೂರದ ಮಾತು.

ಎರಡನೆಯದು ಡ್ಯಾಮೇಜ್ ಪ್ಲಾನ್. ಸ್ಕ್ರೀನ್ ಒಡೆದರೆ, ನೀರು ಹೊಕ್ಕರೆ ರಿಪೇರಿ ಖರ್ಚು ಭರಿಸುತ್ತದೆ. ಫೋನೇ ಇಲ್ಲದಿದ್ದರೆ ಇದರಿಂದ ಪ್ರಯೋಜನವಿಲ್ಲ.

ಮೂರನೆಯದು ಕಳ್ಳತನವನ್ನೂ ಒಳಗೊಂಡ ಪ್ಲಾನ್. ನಮ್ಮ ಭಯಕ್ಕೆ ಉತ್ತರ ಕೊಡುವುದು ಇದು ಮಾತ್ರ. ಇದರಲ್ಲೂ ‘ಕಳ್ಳತನ’ ಎಂಬ ಪದಕ್ಕೆ ಏನು ಅರ್ಥ ಬರೆದಿದ್ದಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಇನ್ನೊಂದು ವಿಷಯ. ನಿಮಗೆ ಪ್ಲಾನ್ ಮಾರುವವರು ಹಲವು ಬಾರಿ ಇನ್ಶೂರೆನ್ಸ್ ಕಂಪನಿಯಲ್ಲ, ನಡುವಿನ ಸೇವಾ ಕಂಪನಿ. ಅವರು ಯಾವುದೋ ವಿಮಾ ಕಂಪನಿಯಿಂದ ಒಂದು ಗುಂಪು ಪಾಲಿಸಿ ಪಡೆದು, ಅದರಡಿ ನಿಮ್ಮನ್ನು ಸೇರಿಸಿರುತ್ತಾರೆ. ಹಾಗಾಗಿ ಕೇಳಬೇಕಾದ ಮೊದಲ ಪ್ರಶ್ನೆ: ‘ಇದರ ಹಿಂದಿರುವ ವಿಮಾ ಕಂಪನಿ ಯಾವುದು? ನನ್ನ ಹೆಸರಿನ ಸರ್ಟಿಫಿಕೇಟ್ ಎಲ್ಲಿ?’ ಉತ್ತರ ಸಿಗದಿದ್ದರೆ ಅದು ಇನ್ಶೂರೆನ್ಸ್ ಅಲ್ಲದೇ ಇರಬಹುದು.

‘ಕಳೆದುಹೋಗುವುದು’ ಮತ್ತು ‘ಕಳ್ಳತನ’ ಒಂದೇ ಅಲ್ಲವೇ?

ನಮಗೆ ಎರಡೂ ಒಂದೇ. ಬೆಳಗ್ಗೆ ಇದ್ದ ಫೋನ್ ಸಂಜೆ ಇಲ್ಲ, ಅಷ್ಟೇ. ಆದರೆ ಕಾಗದದ ಮೇಲೆ ಅವು ಎರಡು.

ಆಟೋದಲ್ಲಿ ಮರೆತು ಇಳಿದರೆ ಅದು ಕಳೆದುಹೋಗಿದ್ದು. ನಿಮ್ಮ ಒಪ್ಪಿಗೆಯಿಲ್ಲದೆ ಯಾರೋ ಅಪ್ರಾಮಾಣಿಕ ಉದ್ದೇಶದಿಂದ ತೆಗೆದುಕೊಂಡರೆ ಅದು ಕಳ್ಳತನ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಸೆಕ್ಷನ್ ಕಳ್ಳತನವನ್ನು ಹೇಳುತ್ತದೆ. ಕೈಯಿಂದ ಕಿತ್ತುಕೊಂಡು ಓಡುವುದಕ್ಕೆ ಈಗ 304ನೇ ಸೆಕ್ಷನ್ ಪ್ರತ್ಯೇಕವಾಗಿಯೇ ಇದೆ. ಬಸ್ಸಿನಲ್ಲಿ ನಿಮಗೆ ಗೊತ್ತಾಗದಂತೆ ಜೇಬು ಕತ್ತರಿಸಿದರೂ ಕಾನೂನಿನ ಪ್ರಕಾರ ಅದು ಕಳ್ಳತನವೇ.

ಆದರೆ ಪಾಲಿಸಿ ಇನ್ನೂ ಕಿರಿದಾಗಿರಬಹುದು. ಕೆಲವು ಪಾಲಿಸಿಗಳು ‘ಬಲಪ್ರಯೋಗ ಅಥವಾ ಹಿಂಸೆಯಿಂದ ನಡೆದ ಕಳ್ಳತನ’ಕ್ಕೆ ಮಾತ್ರ ಹಣ ಕೊಡುತ್ತವೆ. ಅಂದರೆ ಬೀಗ ಒಡೆದಿರಬೇಕು, ಕಿತ್ತುಕೊಂಡಿರಬೇಕು ಅಥವಾ ಬೆದರಿಸಿರಬೇಕು. ‘ಷರತ್ತು ಬರೆದುಕೊಂಡರೇನಂತೆ, ಕೋರ್ಟ್ ಒಪ್ಪುತ್ತದೆಯೇ?’ ಎಂದು ನೀವು ಕೇಳಬಹುದು. 2004ರಲ್ಲಿ ಯುನೈಟೆಡ್ ಇಂಡಿಯಾ ಇನ್ಶೂರೆನ್ಸ್ ಮತ್ತು ಹರಚಂದ್ ರಾಯ್ ಚಂದನ್ ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದೇ ಪ್ರಶ್ನೆಯನ್ನು ನೋಡಿತು. ಅದು ಫೋನಿನದ್ದಲ್ಲ, ಬರ್ಗ್ಲರಿ ವಿಮೆಯ ಪ್ರಕರಣ. ಪಾಲಿಸಿಯಲ್ಲಿ ಬಲಪ್ರಯೋಗ ಬೇಕು ಎಂದು ಬರೆದಿದ್ದರೆ, ಬಲಪ್ರಯೋಗವಿಲ್ಲದ ಕಳ್ಳತನಕ್ಕೆ ವಿಮಾ ಕಂಪನಿ ಹಣ ಕೊಡಬೇಕಾಗಿಲ್ಲ ಎಂದು ಕೋರ್ಟ್ ಹೇಳಿತು. ಬರೆದ ಪದಕ್ಕೆ ಅಷ್ಟು ತೂಕವಿದೆ.

ಪಾಲಿಸಿ ಕೈಗೆ ಬಂದಾಗ ‘ಯಾವುದಕ್ಕೆ ಅನ್ವಯಿಸುವುದಿಲ್ಲ’ ಎಂಬ ಭಾಗವನ್ನು ಮೊದಲು ತೆರೆಯಿರಿ. ಅಲ್ಲಿ ಸಾಮಾನ್ಯವಾಗಿ ಕಾಣುವ ಸಾಲುಗಳು ಇವು:

– ಹೇಗೆ ಹೋಯಿತೆಂದು ವಿವರಿಸಲಾಗದ ಕಣ್ಮರೆ.
– ಮಾಲೀಕರು ಹತ್ತಿರ ಇಲ್ಲದಾಗ ಬಿಟ್ಟುಹೋದ ಫೋನ್. ಹೋಟೆಲ್ ಟೇಬಲ್ ಮೇಲಿಟ್ಟು ಕೈ ತೊಳೆಯಲು ಹೋದದ್ದೂ ಇದರಲ್ಲಿ ಬರಬಹುದು.
– ಲಾಕ್ ಮಾಡದ ವಾಹನದಿಂದ ಹೋದದ್ದು.
– ಬಿಲ್‌ನಲ್ಲಿ ಇರುವ ಹೆಸರಿನವರಲ್ಲದೆ ಬೇರೆಯವರ ಕೈಯಲ್ಲಿದ್ದಾಗ ಹೋದದ್ದು. ಮಗ ಕೊಂಡು ಅಮ್ಮನಿಗೆ ಕೊಟ್ಟ ಫೋನಿನ ವಿಷಯದಲ್ಲಿ ಇದನ್ನು ಮೊದಲೇ ಕೇಳಿಕೊಳ್ಳಿ.
– ನಿಗದಿತ ಸಮಯದೊಳಗೆ ಪೊಲೀಸ್ ದೂರು ಕೊಡದೇ ಇರುವುದು.

ಬಂದರೂ ಎಷ್ಟು ಬರುತ್ತದೆ?

‘ಹೊಸ ಫೋನ್ ಸಿಗುತ್ತದೆ’ ಎಂಬ ಮಾತು ಎಡವುವುದು ಇಲ್ಲಿ. ಬಹಳಷ್ಟು ಪಾಲಿಸಿಗಳಲ್ಲಿ ಎರಡು ಕಡಿತಗಳಿರುತ್ತವೆ. ಒಂದು ಸವಕಳಿ: ಫೋನ್ ಹಳೆಯದಾದಷ್ಟೂ ಅದರ ಬೆಲೆ ಕಡಿಮೆ ಎಂದು ಲೆಕ್ಕ ಹಾಕುತ್ತಾರೆ. ಇನ್ನೊಂದು, ಪ್ರತಿ ಕ್ಲೇಮ್‌ನಲ್ಲೂ ನಿಮ್ಮ ಪಾಲಿಗೆ ಬಿಡುವ ಮೊತ್ತ.

ಒಂದು ಉದಾಹರಣೆ ನೋಡೋಣ. ಈ ಅಂಕಿಗಳು ಲೆಕ್ಕ ಅರ್ಥವಾಗಲೆಂದು ನಾನು ಇಟ್ಟುಕೊಂಡವು. ನಿಮ್ಮ ಪಾಲಿಸಿಯ ಅಂಕಿಗಳನ್ನು ಹಾಕಿ ನೀವೇ ಮತ್ತೊಮ್ಮೆ ಮಾಡಿ.

ಫೋನಿನ ಬೆಲೆ 20,000. ವರ್ಷದ ಪ್ರೀಮಿಯಂ 1,500. ಆರು ತಿಂಗಳ ನಂತರ ಫೋನ್ ಕಳ್ಳತನವಾಯಿತು. ಸವಕಳಿ ಶೇಕಡಾ 40 ಎಂದಿಟ್ಟುಕೊಳ್ಳಿ, ಉಳಿದದ್ದು 12,000. ನಿಮ್ಮ ಪಾಲಿನ ಕಡಿತ 1,500. ಕೈಗೆ ಬರುವುದು 10,500.

ಈಗ 10,500ನ್ನು 1,500ರಿಂದ ಭಾಗಿಸಿ. ಏಳು ಬರುತ್ತದೆ. ಅಂದರೆ ಏಳು ವರ್ಷಕ್ಕೊಮ್ಮೆ ನಿಮ್ಮ ಫೋನ್ ಕಳ್ಳತನವಾಗಿ, ಅದೂ ಪಾಲಿಸಿ ಒಪ್ಪುವ ರೀತಿಯಲ್ಲೇ ಆಗಿ, ಕ್ಲೇಮ್ ಕೂಡ ಪಾಸಾದರೆ ಕೊಟ್ಟದ್ದಕ್ಕೂ ಬಂದದ್ದಕ್ಕೂ ಸಮ. ಅದಕ್ಕಿಂತ ಅಪರೂಪಕ್ಕೆ ಆಗುವುದಾದರೆ ಲೆಕ್ಕದಲ್ಲಿ ನಿಮಗೆ ನಷ್ಟ.

ಹಾಗಾದರೆ ನಿಮ್ಮನ್ನೇ ಕೇಳಿಕೊಳ್ಳಿ: ಕಳೆದ ಹತ್ತು ವರ್ಷದಲ್ಲಿ ನಿಮ್ಮ ಎಷ್ಟು ಫೋನ್ ಕಳ್ಳತನವಾಗಿವೆ? ಎಷ್ಟು ಬಿದ್ದು ಒಡೆದಿವೆ? ಎಷ್ಟನ್ನು ಎಲ್ಲೋ ಮರೆತು ಬಂದಿರಿ? ಈ ಉತ್ತರದಲ್ಲಿ ಯಾವ ಪ್ಲಾನ್ ಬೇಕು, ಬೇಕೋ ಬೇಡವೋ ಎರಡೂ ಇದೆ. ನನ್ನ ಲೆಕ್ಕ: ಕಳ್ಳತನ ಸೊನ್ನೆ, ಒಡೆದದ್ದು ಮೂರು.

ಹಾಗಾದರೆ ಮಾಡಿಸಲೇಬಾರದೇ?

ಹಾಗೇನಿಲ್ಲ. ಎಲ್ಲ ಇನ್ಶೂರೆನ್ಸ್‌ನಲ್ಲೂ ಸರಾಸರಿ ಲೆಕ್ಕ ಹಾಕಿದರೆ ಕಟ್ಟುವವರು ಪಡೆಯುವುದಕ್ಕಿಂತ ಸ್ವಲ್ಪ ಹೆಚ್ಚೇ ಕಟ್ಟುತ್ತಾರೆ. ಕಂಪನಿಯ ಖರ್ಚು, ಏಜೆಂಟರ ಕಮಿಷನ್, ತೆರಿಗೆ ಎಲ್ಲ ಅದರಲ್ಲೇ ಬರಬೇಕಲ್ಲ? ಆದರೂ ನಾವು ಆರೋಗ್ಯ ವಿಮೆ ಮಾಡಿಸುತ್ತೇವೆ, ಏಕೆಂದರೆ ಐದು ಲಕ್ಷದ ಆಸ್ಪತ್ರೆ ಬಿಲ್ ಬಂದರೆ ಮನೆ ಮುಳುಗುತ್ತದೆ. ಸೂತ್ರ ಸರಳ: ತಡೆದುಕೊಳ್ಳಲಾಗದ ನಷ್ಟಕ್ಕೆ ಇನ್ಶೂರೆನ್ಸ್, ತಡೆದುಕೊಳ್ಳಬಹುದಾದ ನಷ್ಟಕ್ಕೆ ಉಳಿತಾಯ.

ಫೋನ್ ಹೋದರೆ ಬೇಸರವಾಗುತ್ತದೆ, ಆದರೆ ಮುಂದಿನ ತಿಂಗಳು ಇನ್ನೊಂದು ಕೊಳ್ಳಬಲ್ಲೆ ಎನ್ನುವವರಿಗೆ ಕಳ್ಳತನದ ಪ್ಲಾನ್ ಸಾಮಾನ್ಯವಾಗಿ ಬೇಕಾಗಿಲ್ಲ. ಆ 1,500ನ್ನು ತಿಂಗಳಿಗೆ 125ರಂತೆ ಆರ್‌ಡಿಗೆ ಹಾಕಿ. ಮೂರು ವರ್ಷಕ್ಕೆ 4,500 ಆಗುತ್ತದೆ, ಬಡ್ಡಿ ಬೇರೆ. ಫೋನ್ ಹೋಗದಿದ್ದರೆ ಆ ಹಣ ನಿಮ್ಮದೇ. ಇದರಲ್ಲಿರುವ ಕೊರತೆಯನ್ನೂ ಹೇಳಬೇಕು: ಎರಡನೇ ತಿಂಗಳಲ್ಲೇ ಫೋನ್ ಹೋದರೆ ನಿಮ್ಮ ಬಳಿ ಇರುವುದು 250 ಮಾತ್ರ.

ನನ್ನ ಚಿಕ್ಕಮ್ಮನ ಮಗನಂಥವರ ಸ್ಥಿತಿ ಬೇರೆ. ಫೋನೇ ಅವರ ಅಂಗಡಿ. ದಿನವಿಡೀ ರಸ್ತೆಯಲ್ಲಿ, ಸ್ಕೂಟರ್ ಹ್ಯಾಂಡಲ್ ಮೇಲೆ, ಎಲ್ಲರಿಗೂ ಕಾಣುವಂತೆ ಇರುತ್ತದೆ. ಕೈಯಲ್ಲಿ ಉಳಿತಾಯವಿಲ್ಲ, ಕಂತು ನಡೆಯುತ್ತಿದೆ. ಇಂಥವರಿಗೆ ಒಳ್ಳೆಯ ಪಾಲಿಸಿ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ಆದರೆ ಅದು ಬಲಪ್ರಯೋಗದ ಷರತ್ತಿಲ್ಲದೆ ಕಳ್ಳತನಕ್ಕೆ ಹಣ ಕೊಡುವಂತಿರಬೇಕು. ಸವಕಳಿಯ ಪಟ್ಟಿ ಬರವಣಿಗೆಯಲ್ಲಿ ಇರಬೇಕು. ಇವೆರಡೂ ಇಲ್ಲದಿದ್ದರೆ ಅತ್ಯಂತ ಅಗತ್ಯವಿರುವವರೇ ಅತ್ಯಂತ ಹೆಚ್ಚು ಮೋಸಹೋಗುತ್ತಾರೆ.

ಎರಡು ವರ್ಷ ಹಳೆಯ ಫೋನಿಗೆ, ಸೆಕೆಂಡ್‌ಹ್ಯಾಂಡ್ ಫೋನಿಗೆ, ಏಳೆಂಟು ಸಾವಿರದ ಫೋನಿಗೆ ಕಳ್ಳತನದ ಪ್ಲಾನ್ ಹುಡುಕುವುದರಲ್ಲಿ ಅರ್ಥ ಕಡಿಮೆ. ಸವಕಳಿ ಕಳೆದ ಮೇಲೆ ಉಳಿಯುವುದೇ ಅಷ್ಟಕ್ಕಷ್ಟೆ.

ಇ-ಲಾಸ್ಟ್ ಸಾಕೇ, ಎಫ್‌ಐಆರ್ ಬೇಕೇ?

ಕರ್ನಾಟಕ ಪೊಲೀಸರ ಇ-ಲಾಸ್ಟ್ ಒಳ್ಳೆಯ ಸೌಲಭ್ಯ. ಮಾರ್ಕ್ಸ್ ಕಾರ್ಡ್, ಲೈಸೆನ್ಸ್, ಫೋನ್ ಏನೇ ಕಳೆದುಹೋದರೂ ಮನೆಯಿಂದಲೇ ದಾಖಲಿಸಿ ಸ್ವೀಕೃತಿ ಪಡೆಯಬಹುದು. ಹೆಸರೇ ಹೇಳುವಂತೆ ಅದು ‘ಕಳೆದುಹೋದ’ ವಸ್ತುಗಳಿಗೆ. ಕಳ್ಳತನವಾದರೆ ಠಾಣೆಯಲ್ಲಿ ದೂರು ಕೊಟ್ಟು ಎಫ್‌ಐಆರ್ ಮಾಡಿಸಬೇಕು.

‘ಇದು ನಮ್ಮ ಸ್ಟೇಷನ್ ವ್ಯಾಪ್ತಿಗೆ ಬರಲ್ಲ’ ಎಂದು ಕಳಿಸಿದರೆ? ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಘಟನೆ ಎಲ್ಲೇ ನಡೆದಿದ್ದರೂ ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಇದನ್ನೇ ಝೀರೋ ಎಫ್‌ಐಆರ್ ಎನ್ನುವುದು. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು.

ಇಲ್ಲಿ ಒಂದು ಎಚ್ಚರಿಕೆ. ಕ್ಲೇಮ್ ಸಿಗಲಿ ಎಂದು ಆಟೋದಲ್ಲಿ ಮರೆತ ಫೋನನ್ನು ‘ಕಿತ್ತುಕೊಂಡು ಹೋದರು’ ಎಂದು ಬರೆಸಬೇಡಿ. ಪೊಲೀಸರಿಗೆ ಸುಳ್ಳು ಮಾಹಿತಿ ಕೊಡುವುದು ಅಪರಾಧ. ಆದರೆ ನಿಜವಾಗಿಯೂ ಜೇಬಿನಿಂದ ಎಗರಿಸಿದ್ದನ್ನು, ಸುಲಭವೆಂದು ‘ಕಳೆದುಹೋಯಿತು’ ಎಂದೂ ಬರೆಸಬೇಡಿ. ಏನಾಯಿತೋ ಅದನ್ನೇ ಬರೆಸಿ. ಮೊದಲ ಕಾಗದದಲ್ಲಿ ಬರೆದ ಒಂದು ಪದ ಕೊನೆಯವರೆಗೂ ನಿಮ್ಮ ಬೆನ್ನಿಗೆ ಬರುತ್ತದೆ.

ದುಡ್ಡು ಕೊಡದೆ ಸಿಗುವ ರಕ್ಷಣೆ

ವರ್ಷಗಳಿಂದ ಸುತ್ತುತ್ತಿರುವ ಒಂದು ಫಾರ್ವರ್ಡ್ ನಿಮಗೂ ಬಂದಿರಬಹುದು: ‘ಫೋನ್ ಕಳೆದರೆ ಐಎಂಇಐ ನಂಬರನ್ನು ಈ ವಿಳಾಸಕ್ಕೆ ಇಮೇಲ್ ಮಾಡಿ, ಸ್ಟೇಷನ್‌ಗೆ ಹೋಗಬೇಕಾಗಿಲ್ಲ, 24 ಗಂಟೆಯಲ್ಲಿ ಪತ್ತೆ ಮಾಡುತ್ತಾರೆ.’ ಅದರಲ್ಲಿರುವ ಇಮೇಲ್ ವಿಳಾಸ ವಿಎಸ್‌ಎನ್‌ಎಲ್‌ನದ್ದು. ಆ ಕಂಪನಿಯ ಹೆಸರು 2008ರಲ್ಲೇ ಟಾಟಾ ಕಮ್ಯುನಿಕೇಷನ್ಸ್ ಎಂದು ಬದಲಾಗಿದೆ. ಫೋನ್ ಕಳೆದ ಗಾಬರಿಯಲ್ಲಿ ಇದನ್ನು ನಂಬಿ ಕೂತರೆ ಅಮೂಲ್ಯವಾದ ಒಂದು ದಿನ ಹೋಗುತ್ತದೆ.

ಇದಕ್ಕೆ ಬದಲು ನಿಜವಾಗಿ ಇರುವ ವ್ಯವಸ್ಥೆಯೊಂದಿದೆ. ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿರುವ ಸಿಇಐಆರ್. 2023ರ ಮೇ ತಿಂಗಳಲ್ಲಿ ಇದು ದೇಶಾದ್ಯಂತ ಶುರುವಾಯಿತು. ಆ ಸಮಯಕ್ಕಾಗಲೇ ಕರ್ನಾಟಕ ಪೊಲೀಸರು ಇದನ್ನು ಬಳಸಿ 2,500ಕ್ಕೂ ಹೆಚ್ಚು ಫೋನ್‌ಗಳನ್ನು ಹುಡುಕಿ ಮಾಲೀಕರಿಗೆ ಕೊಟ್ಟಿದ್ದರು ಎಂದು ಕೇಂದ್ರ ಸರ್ಕಾರವೇ ಹೇಳಿತ್ತು. ನಿಮ್ಮ ಫೋನಿನ 15 ಅಂಕಿಯ ಐಎಂಇಐ ನಂಬರನ್ನು ಅಲ್ಲಿ ಬ್ಲಾಕ್ ಮಾಡಿಸಿದರೆ ಭಾರತದ ಯಾವ ನೆಟ್‌ವರ್ಕ್‌ನಲ್ಲೂ ಆ ಫೋನ್ ಕೆಲಸ ಮಾಡುವುದಿಲ್ಲ. ಯಾರಾದರೂ ಸಿಮ್ ಹಾಕಿ ಬಳಸಲು ನೋಡಿದರೆ ಅದರ ಸುಳಿವು ಪೊಲೀಸರಿಗೆ ಹೋಗುತ್ತದೆ. ‘ಬ್ಲಾಕ್ ಮಾಡಿದರೆ ಪತ್ತೆ ಹಚ್ಚಲು ಆಗಲ್ಲ’ ಎನ್ನುವುದು ತಪ್ಪು. ಫೋನ್ ವಾಪಸ್ ಸಿಕ್ಕರೆ ನೀವೇ ಅನ್‌ಬ್ಲಾಕ್ ಮಾಡಿಸಬಹುದು.

ಇದು ಮಂತ್ರವಲ್ಲ. ಬಿಡಿಭಾಗಕ್ಕಾಗಿ ಬಿಚ್ಚಿದ ಫೋನ್ ಸಿಗುವುದಿಲ್ಲ, ಐಎಂಇಐ ತಿದ್ದುವ ಜಾಲಗಳೂ ಇವೆ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅದಕ್ಕೆ ಮೂರು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಅಥವಾ ಎರಡೂ ಇವೆ. ಆದರೂ ಒಂದು ರೂಪಾಯಿ ಖರ್ಚಿಲ್ಲದೆ ಇಷ್ಟು ಸಿಗುತ್ತದೆ.

ಇನ್ನೂ ಮುಖ್ಯವಾದ ಮಾತು: ಇಂದು ಫೋನಿಗಿಂತ ಅದರೊಳಗಿನ ಸಿಮ್ ದುಬಾರಿ. ಕಳ್ಳನ ಕೈಗೆ ನಿಮ್ಮ ಸಿಮ್ ಸಿಕ್ಕರೆ ಅವನು ಅದನ್ನು ಬೇರೆ ಫೋನಿಗೆ ಹಾಕಿ ನಿಮ್ಮ ಒಟಿಪಿಗಳನ್ನು ನೋಡಬಹುದು. 20,000ದ ಫೋನ್ ಹೋದದ್ದು ಗೊತ್ತಾಗುತ್ತದೆ, ಖಾತೆಯಿಂದ 60,000 ಹೋದದ್ದು ಬೆಳಗ್ಗೆ ಗೊತ್ತಾಗುತ್ತದೆ. ಫೋನಿನ ಇನ್ಶೂರೆನ್ಸ್ ಇದನ್ನು ಸಾಮಾನ್ಯವಾಗಿ ತುಂಬಿಕೊಡುವುದಿಲ್ಲ.

ಇವತ್ತೇ, ಈ ಲೇಖನ ಮುಗಿಸಿದ ಕೂಡಲೇ ಮಾಡಬಹುದಾದ ನಾಲ್ಕು ಕೆಲಸ:

1. ಡಯಲ್ ಪ್ಯಾಡ್‌ನಲ್ಲಿ *#06# ಒತ್ತಿ. ಕಾಣುವ ಐಎಂಇಐ ನಂಬರ್‌ಗಳನ್ನು ಕಾಗದದ ಮೇಲೆ ಬರೆದು ಬಿಲ್ ಜೊತೆ ಇಡಿ. ಎರಡು ಸಿಮ್‌ನ ಫೋನಿಗೆ ಎರಡು ನಂಬರ್ ಇರುತ್ತವೆ. ಫೋನಿನೊಳಗೇ ಫೋಟೊ ತೆಗೆದಿಟ್ಟರೆ ಫೋನ್ ಜೊತೆ ಅದೂ ಹೋಗುತ್ತದೆ.
2. ಸೆಟ್ಟಿಂಗ್ಸ್‌ನಲ್ಲಿ ಸಿಮ್ ಪಿನ್ ಹಾಕಿ. ಬೇರೆ ಫೋನಿಗೆ ಹಾಕಿದರೆ ಸಿಮ್ ಪಿನ್ ಕೇಳುತ್ತದೆ. ಆದರೆ ಕಂಪನಿ ಕೊಟ್ಟ ಮೂಲ ಪಿನ್ ತಿಳಿದುಕೊಂಡೇ ಶುರು ಮಾಡಿ. ಮೂರು ಬಾರಿ ತಪ್ಪಿದರೆ ಸಿಮ್ ಲಾಕ್ ಆಗಿ ಪಿಯುಕೆ ಸಂಖ್ಯೆ ಬೇಕಾಗುತ್ತದೆ.
3. ಲಾಕ್ ಆದ ಸ್ಕ್ರೀನ್ ಮೇಲೆ ಎಸ್‌ಎಂಎಸ್ ಓದಲು ಬರದಂತೆ ನೋಟಿಫಿಕೇಷನ್ ಮರೆಮಾಡಿ.
4. ಗೂಗಲ್ ಅಥವಾ ಆ್ಯಪಲ್ ಖಾತೆಯ ಪಾಸ್‌ವರ್ಡ್ ನೆನಪಿದೆಯೇ ನೋಡಿ. ಕಳೆದ ಫೋನಿಗೇ ಒಟಿಪಿ ಹೋಗುವಂತಿದ್ದರೆ ಬೇರೆ ಫೋನಿನಿಂದ ಲಾಕ್ ಮಾಡಲು ಕಷ್ಟ. ಗೂಗಲ್ ಖಾತೆಗೆ ಬ್ಯಾಕಪ್ ಕೋಡ್ ಬರೆದಿಟ್ಟುಕೊಳ್ಳಿ.

ಫೋನ್ ಹೋಗಿದೆ, ಪಾಲಿಸಿಯೂ ಇದೆ. ಈಗೇನು?

ಮೊದಲು ಮನೆಯವರ ಫೋನಿನಿಂದ ನಿಮ್ಮ ಖಾತೆಗೆ ಹೋಗಿ ಕಳೆದ ಫೋನನ್ನು ಲಾಕ್ ಮಾಡಿ. ನಂತರ ಬ್ಯಾಂಕಿಗೆ ಕರೆ ಮಾಡಿ ಯುಪಿಐ ನಿಲ್ಲಿಸಿ, ಸಿಮ್ ಕಂಪನಿಗೆ ಹೇಳಿ ಸಿಮ್ ನಿಲ್ಲಿಸಿ. ಹಣ ಆಗಲೇ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಅದೇ ದಿನ ಠಾಣೆಗೆ ಹೋಗಿ, ಅದೇ ದಿನ ವಿಮಾ ಕಂಪನಿಗೂ ಇಮೇಲ್‌ನಲ್ಲಿ ತಿಳಿಸಿ. ಎಫ್‌ಐಆರ್‌ನಲ್ಲಿ ಐಎಂಇಐ ಸರಿಯಾಗಿ ಬರೆದಿದ್ದಾರೆಯೇ ಎಂದು ಅಲ್ಲೇ ನೋಡಿ, ಬಿಲ್‌ನಲ್ಲಿರುವುದಕ್ಕೆ ತಾಳೆಯಾಗಬೇಕು. ಅದೇ ನಂಬರಿನ ಹೊಸ ಸಿಮ್ ಪಡೆದ ಮೇಲೆ ಸಿಇಐಆರ್‌ನಲ್ಲಿ ಬ್ಲಾಕ್ ಮಾಡಿ. ಹೊಸ ಸಿಮ್‌ಗೆ ಎಸ್‌ಎಂಎಸ್ ಬರಲು 24 ಗಂಟೆ ಹಿಡಿಯಬಹುದು, ಒಟಿಪಿ ಬರಲಿಲ್ಲವೆಂದು ಗಾಬರಿಯಾಗಬೇಡಿ.

ಕಂಪನಿಗೆ ತಿಳಿಸುವುದು ತಡವಾಯಿತು ಎಂಬ ಒಂದೇ ಕಾರಣಕ್ಕೆ ಕ್ಲೇಮ್ ತಿರಸ್ಕರಿಸಿದರೆ ಸುಮ್ಮನಾಗಬೇಡಿ. 2020ರ ಗುರ್‌ಶಿಂದರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪೊಲೀಸರಿಗೆ ತಕ್ಷಣ ದೂರು ಕೊಟ್ಟು ಕಳ್ಳತನ ನಿಜವೆಂದು ಕಂಡುಬಂದಿದ್ದರೆ, ಕಂಪನಿಗೆ ತಡವಾಗಿ ತಿಳಿಸಿದ್ದೊಂದೇ ನಿರಾಕರಣೆಗೆ ಕಾರಣವಾಗದು ಎಂದಿದೆ. ಅದು ವಾಹನ ವಿಮೆಯ ಪ್ರಕರಣವಾದರೂ ನಿಮ್ಮ ದೂರಿನಲ್ಲಿ ಉಲ್ಲೇಖಿಸಬಹುದು.

ದೂರಿನ ದಾರಿ ಹೀಗಿದೆ. ಮೊದಲು ವಿಮಾ ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಬೆಂಗಳೂರಿನಲ್ಲಿ ಕಚೇರಿ ಇದೆ. ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ. ನಿಮ್ಮದು ಇನ್ಶೂರೆನ್ಸ್ ಅಲ್ಲ, ಬರೀ ‘ಪ್ರೊಟೆಕ್ಷನ್ ಪ್ಲಾನ್’ ಎಂದಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಜಿಲ್ಲಾ ಗ್ರಾಹಕ ಆಯೋಗದಲ್ಲಿ ನೀವು ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ.

ಕೊನೆಯದಾಗಿ

ಅಂಗಡಿಯಲ್ಲಿ ಯಾರಾದರೂ ‘ಇನ್ಶೂರೆನ್ಸ್ ಹಾಕಲಾ?’ ಎಂದರೆ ಮೂರೇ ಪ್ರಶ್ನೆ ಕೇಳಿ. ಜೇಬಿನಿಂದ ಗೊತ್ತಾಗದಂತೆ ಕದ್ದರೆ ಹಣ ಬರುತ್ತದೆಯೇ? ಎಲ್ಲೋ ಬಿದ್ದುಹೋದರೆ ಬರುತ್ತದೆಯೇ? ಆರನೇ ತಿಂಗಳಲ್ಲಿ ಎಷ್ಟು ಬರುತ್ತದೆ? ಉತ್ತರವನ್ನು ಬಾಯಿಮಾತಿನಲ್ಲಿ ಅಲ್ಲ, ಪಾಲಿಸಿಯ ಪುಟದಲ್ಲಿ ತೋರಿಸಲು ಹೇಳಿ. ತೋರಿಸಿದರೆ ಯೋಚಿಸಿ. ತೋರಿಸದಿದ್ದರೆ ಆ ದುಡ್ಡಲ್ಲಿ ಒಂದು ಒಳ್ಳೆಯ ಕವರ್ ಮತ್ತು ಸ್ಕ್ರೀನ್ ಗಾರ್ಡ್ ಕೊಳ್ಳಿ, ಉಳಿದದ್ದನ್ನು ಆರ್‌ಡಿಗೆ ಹಾಕಿ.

ನನ್ನ ಚಿಕ್ಕಮ್ಮನ ಮಗನಿಗೆ ಆ ಫೋನ್ ಇನ್ನೂ ಸಿಕ್ಕಿಲ್ಲ. ಹೊಸ ಫೋನಿನ ಐಎಂಇಐ ನಂಬರ್ ಮಾತ್ರ ಅವರ ಮನೆಯ ಕ್ಯಾಲೆಂಡರ್ ಹಿಂದೆ ಬರೆದಿದೆ. ನಿಮ್ಮ ಮನೆಯ ಗುಂಪಿಗೆ ಏನಾದರೂ ಫಾರ್ವರ್ಡ್ ಮಾಡುವುದಾದರೆ ಆ *#06# ಕೆಲಸವನ್ನು ಮಾಡಿ. ಮೊದಲು ನಿಮ್ಮ ಫೋನಿನದ್ದನ್ನು ಬರೆದಿಡಿ, ಆಮೇಲೆ ಅಪ್ಪ ಅಮ್ಮನದ್ದು.